ಗೊಂಬೆಯ ಎಡಗಲ್ಲ

ಒಂದು ಮನೆಯಲ್ಲಿ ಒಬ್ಬರ ಗಲ್ಲ ಬಾತರೆ ಸಾಕು, ಓಣಿಗೆ ಓಣಿಯೇ ವೈದ್ಯರಾಗಿಬಿಡುತ್ತದೆ. ಒಬ್ಬರು ಸೊಪ್ಪು ಅರೆದು ಹಚ್ಚಿ ಅನ್ನುತ್ತಾರೆ, ಇನ್ನೊಬ್ಬರು ಹಲ್ಲು ಕೀಳಿಸಿ ಅನ್ನುತ್ತಾರೆ, ಮತ್ತೊಬ್ಬರು ದೃಷ್ಟಿ ತೆಗೆಯಿರಿ ಅನ್ನುತ್ತಾರೆ. ಹೇಳುವವರಿಗೆ ಏನು ಹೋಗುತ್ತದೆ? ಗಲ್ಲ ಅವರದಲ್ಲವಲ್ಲ! ಕಿನ್ನಾಳದ ಚಿತ್ರಗಾರರ ಓಣಿಯಲ್ಲಿ ಈಶಪ್ಪನ ಮಗಳು ಪಂಪಾವತಿಗೂ ಹೀಗೇ ಆಯಿತು. ಇದು ನಿಜಾಮರ ಕಾಲದ ಮಾತು, ಸಾವಿರದ ಒಂಬೈನೂರ ಮೂವತ್ತೆಂಟನೆಯ ಇಸವಿ. ಕಾಲ ಹಳೆಯದಾಯಿತು, ಆದರೆ ಇಂಥ ಬಾವು ಇವತ್ತೂ ಬರುತ್ತದೆ, ಇಂಥ ಸಲಹೆ ಕೊಡುವವರೂ ಇವತ್ತೂ ಇದ್ದಾರೆ.

ಈಶಪ್ಪ ಮರದ ಗೊಂಬೆ ಮಾಡುವವನು. ಹಗುರವಾದ ಮರ ಕೆತ್ತಿ, ಸೆಣಬಿನ ಪುಡಿಗೆ ಹುಣಸೆಬೀಜದ ಅಂಟು ಕಲಸಿದ ಕಿಟ್ಟವನ್ನು ಅದರ ಮೇಲೆ ಹಚ್ಚಿ, ಹೆಬ್ಬೆರಳಿನಿಂದಲೇ ಮೂಗು, ಗಲ್ಲ, ಗದ್ದ ತಿದ್ದುತ್ತಿದ್ದ. ಅದು ಒಣಗಿದ ಮೇಲೆ ಬಣ್ಣ. ಅವನ ಕೈಗೆ ದೊಡ್ಡ ಹೆಸರಿತ್ತು. ಆ ಹೆಸರಿಗೆ ಒಂದೇ ಒಂದು ಕುಂದು. ಆರು ವರ್ಷದ ಹಿಂದೆ ಗಂಗಾವತಿಯ ಸಾಹುಕಾರರ ಮನೆಗೆಂದು ಒಂದು ಗೌರಿ ಮಾಡಿದ್ದ. ಮಗುವಿನ ಮುಖದ ಗೌರಿ ಬೇಕು ಎಂದಿದ್ದರು. ಏಳು ವರ್ಷದ ಮಗಳನ್ನೇ ಎದುರಿಗೆ ಕೂರಿಸಿಕೊಂಡು ಅವಳ ಮುಖ ನೋಡಿ ನೋಡಿ ಮಾಡಿದ. ಸಾಹುಕಾರರ ಹೆಂಡತಿ ಗೊಂಬೆಯನ್ನು ಬೆಳಕಿಗೆ ಹಿಡಿದು, "ನಿಮ್ಮ ಗೌರಿಗೆ ಹಲ್ಲು ಬ್ಯಾನಿ ಏನೋ? ಒಂದು ಗಲ್ಲ ದಪ್ಪ ಐತೆಲ್ಲ" ಎಂದು ನಕ್ಕು ವಾಪಸು ಕಳಿಸಿದಳು. ಓಣಿಯವರಿಗೆ ಅಷ್ಟೇ ಸಾಕಾಯಿತು. "ಹಲ್ಲುಬ್ಯಾನಿ ಗೌರಿ" ಎಂದು ವರ್ಷಗಟ್ಟಲೆ ಕಾಡಿದರು. ಈಶಪ್ಪನಿಗೆ ತನ್ನ ಕೈಯ ಮೇಲೆ ಭಾರಿ ಸಿಟ್ಟು ಬಂತು. ಗೊಂಬೆಯನ್ನು ಗೂಡಿನಲ್ಲಿ ಮುಖ ಗೋಡೆಗೆ ತಿರುಗಿಸಿ ಇಟ್ಟುಬಿಟ್ಟ.

ಇಷ್ಟಾಗಿ ಆರು ವರ್ಷ ಕಳೆದವು. ಆ ವರ್ಷದ ಉಗಾದಿಗೆ ಈಶಪ್ಪನ ಅಕ್ಕ ಕಳಕಮ್ಮ ಕುಷ್ಟಗಿಯಿಂದ ಬಂದಳು. ಬಹಳ ವರ್ಷದ ಮೇಲೆ ಬಂದವಳು. ಹೊಸ್ತಿಲು ದಾಟುತ್ತಲೇ ಸೋದರಸೊಸೆ ಪಂಪಾವತಿಯ ಗದ್ದ ಹಿಡಿದು ಮುಖ ಎತ್ತಿದಳು.

"ಅಯ್ಯ ನನ್ನವ್ವ! ಎಡಗಲ್ಲ ಯಾಕ ಹಿಂಗ ಉಬ್ಬೈತಿ? ನಿಮಗ್ಯಾರಿಗೂ ಕಣ್ಣಿಲ್ಲೇನು?"

ಅಲ್ಲಿಯ ತನಕ ಯಾರೂ ನೋಡಿರಲಿಲ್ಲ. ದಿನಾ ನೋಡುವ ಮುಖದಲ್ಲಿ ಯಾರು ಏನು ಹುಡುಕುತ್ತಾರೆ? ಆ ದಿನದಿಂದ ಮಾತ್ರ ಎಲ್ಲರ ಕಣ್ಣೂ ಅಲ್ಲಿಗೇ ಹೋಗತೊಡಗಿತು. ಕೆಳದವಡೆಯ ಎಡಭಾಗ ಉಬ್ಬಿತ್ತು, ಮುಟ್ಟಿದರೆ ಕಲ್ಲಿನಂತೆ ಗಟ್ಟಿ. ನೋವಿಲ್ಲ, ಕೆಂಪಿಲ್ಲ, ಜ್ವರವಿಲ್ಲ. ಅರಿಶಿನ ಹಚ್ಚಿದರು, ಸೊಪ್ಪು ಕಟ್ಟಿದರು, ಬಿಸಿ ಶಾಖ ಕೊಟ್ಟರು. ಬಾವು ಜಗ್ಗಲಿಲ್ಲ.

ಅನ್ನಮ್ಮ, ಅಂದರೆ ಪಂಪಾವತಿಯ ತಾಯಿ, ಊಟ ಬಿಟ್ಟಳು. ಕಳಕಮ್ಮ ಮಾತ್ರ ಸುಮ್ಮನೆ ಕೂರುವ ಪೈಕಿ ಅಲ್ಲ. ಯಲಬುರ್ಗಾ ಕಡೆಯ ಗಾಳೆಪ್ಪನನ್ನು ಕರೆಸಿದಳು. ದನಕರುಗಳಿಗೆ, ಕಾಮಾಲೆಯಾದ ಮಕ್ಕಳಿಗೆ ಬರೆ ಹಾಕುವುದರಲ್ಲಿ ಅವನದು ಎತ್ತಿದ ಕೈ. ಮನುಷ್ಯ ಕೆಟ್ಟವನಲ್ಲ. ಕೈ ಚಾಚಿ ಏನೂ ಕೇಳುವವನೂ ಅಲ್ಲ. ತನಗೆ ಗೊತ್ತಿರುವುದು ಒಂದೇ ವಿದ್ಯೆ, ಅದನ್ನು ಎಲ್ಲ ರೋಗಕ್ಕೂ ಹಾಕುತ್ತಿದ್ದ, ಅಷ್ಟೇ.

ಒಂದು ಮಂಗಳವಾರ ಬೆಳಿಗ್ಗೆ ಅಂಗಳದಲ್ಲಿ ಕೆಂಡ ಹೊತ್ತಿಸಿದರು. ಗಾಳೆಪ್ಪ ಕಬ್ಬಿಣದ ಸಳಿಯನ್ನು ಅದರಲ್ಲಿ ತೂರಿಸಿದ. ಪಂಪಾವತಿ ಗೋಡೆಗೆ ಒರಗಿ ಕೂತಿದ್ದಳು. ಅವಳ ಕೈ ಹಿಡಿದುಕೊಳ್ಳುವುದು ಈಶಪ್ಪನ ಪಾಲಿಗೆ ಬಂದಿತ್ತು. ಮಗಳ ಕೈ ತಣ್ಣಗಾಗಿತ್ತು, ಅವನ ಕೈ ಬೆವರುತ್ತಿತ್ತು. ಸಳಿಯ ತುದಿ ಕೆಂಪಗಾಗುವುದನ್ನು ಇಬ್ಬರೂ ನೋಡುತ್ತಿದ್ದರು.

ಅಷ್ಟರಲ್ಲಿ ಹುಣಸೆಬೀಜ ಕುಟ್ಟಲು ದಾವಲಬೀ ಬಂದಳು. ಅವಳು ಎದುರು ಮನೆಯವಳು. ಗಂಡ ಇದ್ದಾಗ ಬಳ್ಳಾರಿಯ ದೊಡ್ಡ ದವಾಖಾನೆಯಲ್ಲಿ ಬಹಳ ವರ್ಷ ಆಯಾ ಆಗಿದ್ದವಳು. ಕೆಂಡ ಕಂಡಳು, ಸಳಿ ಕಂಡಳು, ಹುಡುಗಿಯ ಮುಖ ಕಂಡಳು. ಬೀಜದ ಬುಟ್ಟಿ ಕೆಳಗಿಟ್ಟು ನೆಟ್ಟಗೆ ಬಂದು ಹುಡುಗಿಗೂ ಬೆಂಕಿಗೂ ನಡುವೆ ಕೂತೇಬಿಟ್ಟಳು.

"ದಾವಲಕ್ಕ, ಸರೀರಿ. ಸಳಿ ಕಾದೈತಿ" ಎಂದ ಗಾಳೆಪ್ಪ.

"ಕಾಯಲಿ ಬಿಡು. ಮೊದಲ ನನ್ನ ಮಾತು ಕೇಳು, ಆಮ್ಯಾಲೆ ಸುಡುವಂತಿ. ಈ ಬಾವಿನ್ಯಾಗ ಏನೈತಿ ಅಂತ ನಿನಗ ಗೊತ್ತೈತೇನು?"

"ಕೆಟ್ಟ ನೀರು ತುಂಬಿರತೈತಿ. ಬರಿ ಎಳೆದ್ರ ಇಳೀತೈತಿ."

"ನೀರಿದ್ರ ಮೆತ್ತಗ ಇರತಿತ್ತು. ಇದು ಎಲಬು, ಮುಟ್ಟಿ ನೋಡು. ಎಲಬು ಬಾತದ್ದಕ್ಕ ಚರ್ಮ ಸುಟ್ರ ಏನಾಕ್ಕೈತಿ? ಬಳ್ಳಾರ್ಯಾಗ ಇಂಥಾದ ಒಂದು ಹುಡುಗನ್ನ ತಂದಿದ್ರು. ಗಲ್ಲಕ್ಕ ಬರಿ ಹಾಕ್ಸಿದ್ರು. ಗಾಯ ಕೀವಾಗಿ ದವಡಿ ಎಲಬಿನ ತನಕ ಇಳಿದಿತ್ತು. ಬಾವಿನಿಂದ ಅದಕ್ಕ ಏನೂ ಆಗಿದ್ದಿಲ್ಲ, ಬರಿಯಿಂದ ಆಗಿತ್ತು." ದಾವಲಬೀ ಎರಡೂ ಕೈ ಮುಂದೆ ಚಾಚಿದಳು. "ಆ ಕೂಸಿನ ಹಾಸಿಗಿ ಬದಲಿ ಮಾಡಿದ ಕೈ ಇವು."

ಅವಳು ಪಂಪಾವತಿಯ ಕಡೆ ತಿರುಗಿದಳು.

"ಯವ್ವಾ, ಹಲ್ಲು ಅಲುಗ್ಯಾಡ್ತಾವೇನು? ಕೆಳತುಟಿ ಜೋಮು ಹಿಡದೈತೇನು? ರಾತ್ರಿ ನೋಯ್ತೈತೇನು?"

"ಇಲ್ಲ ಬೂಬು. ಏನೂ ಇಲ್ಲ."

"ಅಲ್ಲಾ, ನೀ ಏನ ದೊಡ್ಡ ಡಾಕ್ಟರೇನು?" ಎಂದು ಕಳಕಮ್ಮ ಸಿಡುಕಿದಳು.

"ಅಲ್ಲವ್ವ, ನಾ ಡಾಕ್ಟರ ಅಲ್ಲ. ಅದಕ್ಕ ಹೇಳಾಕತ್ತೀನಿ, ಡಾಕ್ಟರಿಗೆ ತೋರಸ್ರಿ ಅಂತ. ಇದು ಸಾದಾ ಬಾವೋ, ಕೆಟ್ಟದ್ದೋ, ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ, ಗಾಳೆಪ್ಪಗೂ ಗೊತ್ತಿಲ್ಲ. ಎಲಬಿನ ಫೋಟೋ ತಗೀತಾರ, ನೋಡಿ ಹೇಳ್ತಾರ."

ಈಶಪ್ಪನಿಗೆ ಅತ್ತ ಅಕ್ಕ, ಇತ್ತ ದಾವಲಬೀ. ಯಾರ ಮಾತು ಕೇಳಲಿ? ಆಗ ಪಂಪಾವತಿ ಬಾಯಿ ಬಿಟ್ಟಳು. ಅವಳು ಹೆಚ್ಚು ಮಾತಿನವಳಲ್ಲ.

"ಯಪ್ಪಾ, ಗೊಂಬಿ ಗಲ್ಲ ಉಬ್ಬಿದ್ರ ನೀ ಅದನ್ನ ಸುಡತಿಯೇನು?"

ಈಶಪ್ಪ ಎದ್ದ. ಮಡಕೆಯ ನೀರು ತಂದು ಕೆಂಡದ ಮೇಲೆ ಸುರಿದ. "ಗಾಳೆಪ್ಪಣ್ಣ, ಸಿಟ್ಟಾಗಬ್ಯಾಡ. ಉಂಡು ಹೋಗು. ನಾವು ಬಳ್ಳಾರಿಗೆ ಹೊಂಟ್ವಿ" ಎಂದ.

ಕೊಪ್ಪಳದಲ್ಲಿ ರೈಲು ಹತ್ತಿದರು. ಈಶಪ್ಪ, ಅನ್ನಮ್ಮ, ಪಂಪಾವತಿ, ಜೊತೆಗೆ ದಾವಲಬೀ. ತುಂಗಭದ್ರೆಯ ಸೇತುವೆ ಮೇಲೆ ರೈಲು ಬಂದಾಗ ಅನ್ನಮ್ಮ ದಂಡೆಯ ಹುಲಿಗೆಮ್ಮನ ಗುಡಿಯ ದಿಕ್ಕಿಗೆ ಕೈ ಮುಗಿದಳು. ಈಶಪ್ಪನಿಗೆ ಮುಗಿಯಲು ಕೈ ಏಳಲಿಲ್ಲ. ಅವನ ಎದೆಯಲ್ಲಿ ಯಾರಿಗೂ ಹೇಳದ ಒಂದು ಮಾತು ಕೊರೆಯುತ್ತಿತ್ತು.

ದವಾಖಾನೆಯಲ್ಲಿ ವಿರೂಪಾಕ್ಷಪ್ಪ ಎಂಬ ಡಾಕ್ಟರು ಹುಡುಗಿಯನ್ನು ಕಿಟಕಿಯ ಬೆಳಕಿಗೆ ಕೂರಿಸಿ ನೋಡಿದರು. ಬಾಯೊಳಗೆ ಬೆರಳಾಡಿಸಿದರು, ಒಂದೊಂದೇ ಹಲ್ಲು ಅಲುಗಿಸಿ ನೋಡಿದರು, ಹತ್ತಿಯಿಂದ ತುಟಿ ಸವರಿ ತಿಳಿಯುತ್ತದೆಯೇ ಎಂದು ಕೇಳಿದರು. ಆಗ ಈಶಪ್ಪನಿಗೆ ತಡೆಯಲಾಗಲಿಲ್ಲ.

"ಸಾಹೇಬ್ರ, ತಪ್ಪು ನಂದರಿ. ಆಕಿನೂ ಗೊಂಬಿಗೆ ಬಣ್ಣ ಹಚ್ತಾಳ್ರಿ. ಕುಂಚದ ತುದಿ ಚೂಪ ಮಾಡಾಕ ತುಟಿಗೆ ಹಚ್ಚೂದು ನಾನ ಕಲಿಸೀನಿ. ಬಣ್ಣದ ವಿಷ ನನ್ನ ಮಗಳ ಎಲಬಿಗೆ ಇಳದೈತೇನ್ರಿ?"

"ಇಲ್ಲ ಈಶಪ್ಪ. ಬಣ್ಣದಿಂದ ಹಿಂಗ ಆಗಂಗಿಲ್ಲ. ಆದರೂ ಕುಂಚ ಬಾಯಾಗ ಇಡೂದು ಇವತ್ತಿಗೆ ಬಿಡ್ರಿ, ಅದು ಬ್ಯಾರೆ ರೋಗ ತರತೈತಿ. ಈಗ ಹೇಳ್ರಿ, ಈ ಬಾವು ಯಾವಾಗಿಂದ ಐತಿ?"

"ಉಗಾದಿಯಿಂದರಿ."

ಡಾಕ್ಟರ ಕೈ ನಿಂತಿತು. "ಅದಕ್ಕೂ ಮೊದಲ?"

"ಇದ್ದಿಲ್ಲರಿ."

ಎಲುಬಿನ ಫೋಟೋ ತೆಗೆದರು. ಒದ್ದೆ ಫಿಲ್ಮನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ದವಡೆಯ ಒಂದು ಕಡೆ ಎಲುಬು ತಿಳಿಯಾಗಿ ಕಾಣುತ್ತಿತ್ತು, ಇನ್ನೊಂದು ಕಡೆ ಉಜ್ಜಿದ ಗಾಜಿನ ಹಾಗೆ ಮಬ್ಬು. ಬಾಯೊಳಗಿನಿಂದ ಎಲುಬಿನ ಒಂದು ಚೂರು ತೆಗೆದು ಪರೀಕ್ಷೆಗೆಂದು ಮದ್ರಾಸಿಗೆ ಕಳಿಸಿದರು. ಆಮೇಲೆ ಈಶಪ್ಪನನ್ನೂ ಅನ್ನಮ್ಮನನ್ನೂ ಹತ್ತಿರ ಕೂರಿಸಿಕೊಂಡರು.

"ಮುಚ್ಚಿಟ್ಟು ಹೇಳಂಗಿಲ್ಲ. ಫೋಟೋ ನೋಡಿದ್ರ ಇದು ನಿರಪಾಯದ ಬಾವು ಅಂತ ಅನಸ್ತೈತಿ. ಆದ್ರ ನೀವು ಹೇಳಿದ ಲೆಕ್ಕಕ್ಕ ಅದು ಹೊಂದಂಗಿಲ್ಲ. ನಿರಪಾಯದ್ದು ವರ್ಷಗಟ್ಟಲೆ ಹಗೂರಕ ಬೆಳೀತೈತಿ. ಉಗಾದಿಯಿಂದ ಈಚೀಗೆ ಇಷ್ಟು ಬೆಳದೈತಿ ಅಂದ್ರ ಅದು ಕೆಟ್ಟದ್ದಿರಬಹುದು. ಮದ್ರಾಸಿನ ಉತ್ತರ ಬರಾಕ ತಡ ಆಗತೈತಿ. ಕೆಟ್ಟದ್ದಿದ್ರ ಅಲ್ಲೀತನಕ ಕಾಯೂದು ಧೋಕಾ. ಎಡಗಡೆ ಅರ್ಧ ದವಡಿ ತಗೀಬೇಕಾಗತೈತಿ."

ಅನ್ನಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಈಶಪ್ಪ ಕಿಟಕಿಯ ಬಳಿ ಕೂತಿದ್ದ ಮಗಳನ್ನು ತಿರುಗಿ ನೋಡಿದ. ಅರ್ಧ ದವಡೆ ಹೋದರೆ ಮಗಳು ಅಗಿಯುವುದು ಹೇಗೆ, ಮಾತಾಡುವುದು ಹೇಗೆ, ಆ ಮುಖ ಹೊತ್ತು ಬದುಕುವುದು ಹೇಗೆ? ಮುಖ ಮಾಡುವುದೇ ಕಸುಬಾದವನ ಮನೆಯಲ್ಲಿ ಮಗಳ ಮುಖವೇ ಇಲ್ಲದಾಗುವ ಹೊತ್ತು ಬಂದಿತ್ತು.

"ನೆನಪು ಮಾಡ್ಕೊಳ್ರಿ" ಎಂದರು ಡಾಕ್ಟರು. "ಹುಡುಗೀದು ಹಳೇ ಫೋಟೋ ಏನರ ಐತೇನು?"

"ನಮ್ಮಂಥವರ ಮನ್ಯಾಗ ಫೋಟೋ ಎಲ್ಲಿಂದರಿ?"

"ಹಂಗಾರ ನೀವ ಮುಟ್ಟಿ ನೋಡ್ರಿ. ದಿನಾ ಮುಟ್ಟೂ ಮುಖ ಅದು, ಏನರ ಹೊಳೀಬಹುದು."

ಈಶಪ್ಪ ಮಗಳ ಎದುರು ಕೂತು ಎರಡೂ ದವಡೆಗೆ ಎರಡು ಹೆಬ್ಬೆರಳು ಇಟ್ಟ. ಬಲ ಹೆಬ್ಬೆರಳು ಮಗಳ ಎಡದವಡೆಯ ಮೇಲೆ ಜಾರಿ ಉಬ್ಬಿನ ಮೇಲೆ ಹತ್ತಿ ಇಳಿಯಿತು. ಈ ಉಬ್ಬು ಆ ಬೆರಳಿಗೆ ಹೊಸದಲ್ಲ. ಈ ಏರು, ಈ ಇಳಿಜಾರು ಅದು ಹಿಂದೆ ಒಮ್ಮೆ ಹಸಿ ಕಿಟ್ಟದಲ್ಲಿ ತಿದ್ದಿತ್ತು.

"ಹಲ್ಲುಬ್ಯಾನಿ ಗೌರಿ!" ಎಂದ.

ಡಾಕ್ಟರಿಗೆ ಅರ್ಥವಾಗಲಿಲ್ಲ. ಈಶಪ್ಪ ಗೊಂಬೆಯ ಕಥೆಯನ್ನು ತೊದಲುತ್ತಾ ಹೇಳಿದ. ಡಾಕ್ಟರು ನಗಲಿಲ್ಲ. "ಹೋಗ್ರಿ. ಇವತ್ತ ಹೋಗಿ ಅದನ್ನ ತಗೊಂಡು ಬರ್ರಿ" ಎಂದರು.

ಈಶಪ್ಪ ಒಬ್ಬನೇ ಊರಿಗೆ ಬಂದ. ಗೂಡಿನಿಂದ ಗೌರಿಯನ್ನು ಇಳಿಸಿ ಪಂಜೆಯಲ್ಲಿ ಸುತ್ತುವುದನ್ನು ಕಂಡು ಕಳಕಮ್ಮ ಹಣೆ ಬಡಿದುಕೊಂಡಳು. "ಮಗಳನ್ನ ದವಾಖಾನ್ಯಾಗ ಬಿಟ್ಟು ಗೊಂಬಿ ಒಯ್ಯಾಕ ಬಂದಾನ! ತಲಿ ಕೆಟ್ಟೈತಿ ಇವಗ." ಈಶಪ್ಪ ಗಂಟು ಕಟ್ಟಿಕೊಂಡು ಹೊರಟ. ಮರಳುವ ರೈಲಿನಲ್ಲಿ ಗೊಂಬೆಯನ್ನು ತೊಡೆಯ ಮೇಲೆ ಕೂಸಿನ ಹಾಗೆ ಹಿಡಿದು ಕೂತ. ಪಂಜೆ ಬಿಚ್ಚಿ ನೋಡಲು ಧೈರ್ಯ ಬರಲಿಲ್ಲ. ತಾನು ನೆನೆದದ್ದು ಸುಳ್ಳಾಗಿದ್ದರೆ? ಆರು ವರ್ಷದಿಂದ ಅದರ ಮುಖವನ್ನೇ ನೋಡಿರಲಿಲ್ಲವಲ್ಲ!

ಡಾಕ್ಟರು ಗೊಂಬೆಯನ್ನು ಪಂಪಾವತಿಯ ಪಕ್ಕದಲ್ಲಿ ಮೇಜಿನ ಮೇಲೆ ಇಟ್ಟರು. ಒಮ್ಮೆ ಗೌರಿಯನ್ನು ನೋಡಿದರು, ಒಮ್ಮೆ ಹುಡುಗಿಯನ್ನು ನೋಡಿದರು. ಅದೇ ಕಡೆ, ಅದೇ ಜಾಗ. ಗೌರಿಯ ಗಲ್ಲದಲ್ಲಿ ಸಣ್ಣಗೆ, ಹುಡುಗಿಯ ಗಲ್ಲದಲ್ಲಿ ದೊಡ್ಡದಾಗಿ.

"ಈ ಗೊಂಬಿ ಮಾಡಿ ಆರು ವರ್ಷ ಆತಂತ ಖಾತ್ರಿ ಐತೇನು?"

"ಊರೆಲ್ಲಾ ಕೇಳ್ರಿ ಸಾಹೇಬ್ರ. ಅವತ್ತಿನಿಂದ ನನ್ನ ನೋಡಿ ನಗಾಕತ್ಯಾರ."

ಆಗ ಡಾಕ್ಟರು ಮೊದಲ ಸಲ ನಕ್ಕರು. "ಹಂಗಾರ ಬಾವು ಉಗಾದಿಗೆ ಬಂದದ್ದಲ್ಲ, ನಿಮ್ಮ ಕಣ್ಣಿಗೆ ಬಿದ್ದದ್ದು ಉಗಾದಿಗೆ. ಗೊಂಬಿ ಸಾಕ್ಷಿ ಹೇಳತೈತಿ, ತೀರ್ಪು ಹೇಳಂಗಿಲ್ಲ. ಆದ್ರ ಮದ್ರಾಸಿನ ತೀರ್ಪು ಬರೂತನಕ ಕಾಯಾಕ ಈಗ ಧೈರ್ಯ ಬಂತು."

ಆ ಕಾಯುವ ದಿನಗಳು ಹೇಗೆ ಹೋದವೋ ದೇವರೇ ಬಲ್ಲ. ಕೊನೆಗೂ ಮದ್ರಾಸಿನಿಂದ ಉತ್ತರ ಬಂತು. ಕೆಟ್ಟದ್ದಲ್ಲ! ಅನ್ನಮ್ಮ ದಾವಲಬೀಯನ್ನು ತಬ್ಬಿಕೊಂಡು ಗಟ್ಟಿಯಾಗಿ ಅತ್ತಳು. ಡಾಕ್ಟರು ವಿವರಿಸಿ ಹೇಳಿದರು. ಎಲುಬು ಇರಬೇಕಾದ ಜಾಗದಲ್ಲಿ ನಾರಿನಂಥದು ತುಂಬಿಕೊಂಡಿದೆ. ಇದು ಯಾರ ಶಾಪವೂ ಅಲ್ಲ, ಒಬ್ಬರಿಂದ ಒಬ್ಬರಿಗೆ ಹತ್ತುವುದೂ ಇಲ್ಲ. ಮಕ್ಕಳು ಬೆಳೆಯುವ ತನಕ ಇದೂ ಬೆಳೆಯುತ್ತದೆ, ಅವರ ಬೆಳವಣಿಗೆ ನಿಂತ ಮೇಲೆ ಬಹುಮಟ್ಟಿಗೆ ಇದೂ ನಿಲ್ಲುತ್ತದೆ.

ಭಯ ಹೋದ ಕೂಡಲೇ ಈಶಪ್ಪನೊಳಗಿನ ಕಸುಬುದಾರ ಎದ್ದ. "ಅಂದ್ರ ಇದು ಹೆಚ್ಚಿಗಿ ಬೆಳದದ್ದು ಅಷ್ಟ ಅಲ್ಲೇನ್ರಿ ಸಾಹೇಬ್ರ? ಈಗಿಂದೀಗ ಕೆತ್ತಿ ತಗೀರಿ. ನಾವೂ ಹಂಗ ಮಾಡ್ತೀವಿ, ಅರಾ ಹಾಕಿ ಉಜ್ಜಿಬಿಡ್ತೀವಿ."

"ಹಸಿ ಕಟ್ಟಿಗಿ ಮ್ಯಾಲೆ ಉಳಿ ಇಡ್ತೀಯೇನು ಈಶಪ್ಪ?"

"ಛೇ, ಇಲ್ಲರಿ! ಹಸೀದು ಕೆತ್ತಿದ್ರ ಆಮ್ಯಾಲೆ ಸೊಟ್ಟಾಗತೈತಿ, ಸೀಳತೈತಿ. ಒಣಗೂತನಕ ಕಾಯ್ಬೇಕು."

"ನಿನ್ನ ಮಗಳ ಎಲಬು ಇನ್ನೂ ಹಸೀದು ಐತಿ. ಈಗ ಕೆತ್ತಿದ್ರ ಮತ್ತ ಬೆಳೀತೈತಿ, ಮತ್ತ ಕೆತ್ತಬೇಕು. ಆಕಿ ಬೆಳದು ನಿಲ್ಲಲಿ. ವರ್ಷಕ್ಕೊಮ್ಮೆ ಕರಕೊಂಡು ಬಾ, ನೋಡ್ತೀನಿ. ನಡುವ ನೋವು ಬಂದ್ರ, ತುಟಿ ಜೋಮು ಹಿಡದ್ರ, ಹಲ್ಲು ಅಲುಗ್ಯಾಡಿದ್ರ, ಇಲ್ಲಾ ಬಾವು ಒಮ್ಮಿಗೇ ಜೋರಾಗಿ ಬೆಳದ್ರ ವರ್ಷ ಕಾಯಬ್ಯಾಡ, ಅವತ್ತ ಹೊರಡು."

ಈಶಪ್ಪ ತಲೆಯಾಡಿಸಿದ. ಇದು ಅವನ ಕೈಗೆ ಗೊತ್ತಿರುವ ಮಾತಾಗಿತ್ತು.

ಊರಿಗೆ ಬಂದಾಗ ಕಳಕಮ್ಮ ಬಾಗಿಲಲ್ಲೇ ತಡೆದಳು. "ಗುಳಿಗಿ ಇಲ್ಲ, ಸೂಜಿ ಇಲ್ಲ, ಕಾಯ್ರಿ ಅಂತ ಹೇಳಿ ಕಳಿಸ್ಯಾನ? ಇದೆಂಥಾ ಡಾಕ್ಟರೋ!"

"ಯಕ್ಕಾ, ಕಾಯೂದು ಅಂದ್ರ ಕೈಕಟ್ಟಿ ಕೂರೂದಲ್ಲ. ನೋಡಕೋಂತ ಕಾಯೂದು" ಎಂದ ಈಶಪ್ಪ.

ಅವನು ನೋಡಿದ ರೀತಿ ಹೀಗಿತ್ತು. ಪ್ರತಿ ವರ್ಷ ಉಗಾದಿಗೆ ಮಗಳನ್ನು ಎದುರಿಗೆ ಕೂರಿಸಿಕೊಂಡು ಅವಳ ಮುಖದ ಒಂದು ಗೊಂಬೆ ಮಾಡುತ್ತಿದ್ದ. ಅಂದ ಮಾಡುವ ಗೋಜಿಗೆ ಹೋಗದೆ ಇದ್ದದ್ದನ್ನು ಇದ್ದ ಹಾಗೆ ತಿದ್ದುತ್ತಿದ್ದ. ಅದನ್ನು ಪಂಜೆಯಲ್ಲಿ ಸುತ್ತಿಕೊಂಡು ಮಗಳೊಡನೆ ಬಳ್ಳಾರಿಗೆ ಹೋಗುತ್ತಿದ್ದ. ಡಾಕ್ಟರು ಹೊಸ ಎಲುಬಿನ ಫೋಟೋದ ಜೊತೆ ಗೊಂಬೆಯನ್ನೂ ಇಟ್ಟು ನೋಡುತ್ತಿದ್ದರು. ಮೊದಲ ಕೆಲವು ವರ್ಷ ಪ್ರತಿ ಸಲವೂ ಗಲ್ಲ ಕೊಂಚ ಹೆಚ್ಚೇ ಇರುತ್ತಿತ್ತು. ಒಂದು ವರ್ಷ ಪಂಪಾವತಿಗೆ ಅದೇ ಕಡೆ ನೋವು ಶುರುವಾಯಿತು. ಕೊಪ್ಪಳದ ಸಂತೆಯಲ್ಲಿ ಹಲ್ಲು ಕೀಳುವವನೊಬ್ಬ ಕೂರುತ್ತಿದ್ದ, ಅಲ್ಲಿಗೆ ನಡೆಯಿರಿ ಎಂದಳು ಆಗ ಮತ್ತೆ ಬಂದಿದ್ದ ಕಳಕಮ್ಮ. ಈಶಪ್ಪ ಮಗಳನ್ನು ಅದೇ ದಿನ ರೈಲು ಹತ್ತಿಸಿದ. ದಾರಿಯುದ್ದಕ್ಕೂ ತಂದೆ ಮಗಳು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಬಳ್ಳಾರಿಯಲ್ಲಿ ಬಾಯಿ ತೆಗೆಸಿ ನೋಡಿದರೆ ಅದು ಬರೀ ಹುಳುಕು ಹಲ್ಲು. ಡಾಕ್ಟರು ಅದನ್ನು ಸರಿಪಡಿಸಿ, ಹಲ್ಲು ಉಜ್ಜುವುದರಲ್ಲಿ ಸೋಮಾರಿತನ ಮಾಡಿದ್ದಕ್ಕೆ ಹುಡುಗಿಯನ್ನು ಚೆನ್ನಾಗಿ ಬೈದರು.

ಈ ನಡುವೆ ಮದುವೆಯ ಮಾತುಕತೆಗಳು ಬಂದು ತಪ್ಪಿದವು. ಹಾಗೆ ಬಂದವರು ಗಲ್ಲ ನೋಡಿ ಕಾಫಿ ಕುಡಿಯದೇ ಎದ್ದದ್ದೂ ಉಂಟು. ಅಂಥ ದಿನ ಪಂಪಾವತಿ ಕುಂಚ ಹಿಡಿದು ಕೂರುತ್ತಿದ್ದಳು. ಅವಳ ನೋವು ಈಶಪ್ಪನಿಗೆ ಗೊತ್ತಾಗುತ್ತಿತ್ತು. ಕೆತ್ತಿಸಿಬಿಡೋಣ ಎಂದು ಬಾಯಿಗೆ ಬಂದದ್ದನ್ನು ಎಷ್ಟೋ ಸಲ ನುಂಗಿಕೊಂಡ.

ಯುದ್ಧದ ಕಾಲ. ರೈಲಿನಲ್ಲಿ ಜಾಗ ಸಿಗುವುದೇ ಕಷ್ಟ. ಆದರೂ ಒಂದು ವರ್ಷವೂ ತಪ್ಪಿಸಲಿಲ್ಲ. ಪಂಪಾವತಿಗೆ ಹತ್ತೊಂಬತ್ತು ತುಂಬಿದ ಉಗಾದಿಗೆ ಈಶಪ್ಪ ಹೊಸ ಗೊಂಬೆ ಮುಗಿಸಿ, ಹಿಂದಿನ ವರ್ಷದ್ದನ್ನು ಪಕ್ಕಕ್ಕಿಟ್ಟು, ಎರಡರ ಮೇಲೂ ಹೆಬ್ಬೆರಳು ಆಡಿಸಿದ. ಇನ್ನೊಮ್ಮೆ ಆಡಿಸಿದ. ಅನ್ನಮ್ಮನನ್ನು ಕೂಗಿ ಕರೆದ. "ಮುಟ್ಟಿ ನೋಡ. ಎರಡೂ ಒಂದ ಅದಾವ!" ಅದರ ಹಿಂದಿನ ವರ್ಷದ್ದೂ ಹಾಗೇ ಇತ್ತು. ಬೆಳವಣಿಗೆ ನಿಂತಿತ್ತು. ಹೊಸ ಎಲುಬಿನ ಫೋಟೋ ಕೂಡ ಅದನ್ನೇ ಹೇಳಿತು.

"ಈಗ ಕಟ್ಟಿಗಿ ಒಣಗೈತಿ" ಎಂದರು ಡಾಕ್ಟರು. "ಕೆತ್ತಬಹುದು, ಹಿಂಗ ಬಿಟ್ರೂ ಧೋಕಾ ಇಲ್ಲ. ಪಂಪಾವತಿ, ನೀನ ಹೇಳವ್ವ."

"ಕೆತ್ತರಿ" ಎಂದಳು ಪಂಪಾವತಿ. ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದನ್ನು ಈಶಪ್ಪ ಎಂದೂ ಕೇಳಿರಲಿಲ್ಲ.

ಬಾಯೊಳಗಿನಿಂದಲೇ ಹೆಚ್ಚಿನ ಎಲುಬನ್ನು ಕೆತ್ತಿ ತೆಗೆದರು. ಗಲ್ಲದ ಮೇಲೆ ಒಂದು ಗೀರೂ ಬೀಳಲಿಲ್ಲ. ದವಡೆ ಉಳಿಯಿತು, ಹಲ್ಲೂ ಉಳಿದವು. ಬಾವು ಇಳಿದು ಗಾಯ ಮಾಯ್ದ ಮೇಲೆ ಅವಳು ಮತ್ತೆ ಅಪ್ಪನ ಎದುರಿಗೆ ಕೂತಳು. ಈಶಪ್ಪ ಹಸಿ ಕಿಟ್ಟದ ಮೇಲೆ ಹೆಬ್ಬೆರಳು ಇಟ್ಟ. ರೂಢಿಯ ಬಲದಿಂದ ಬೆರಳು ಎಡಗಲ್ಲದಲ್ಲಿ ಏರಲು ಹೊರಟಿತು. ಮಗಳ ಮುಖ ನೋಡಿದ. ಏರು ಇರಲಿಲ್ಲ. ಬೆರಳು ಬಲಗಲ್ಲದಲ್ಲಿ ಜಾರಿದ ಹಾಗೇ ಜಾರಿಕೊಂಡು ಹೋಯಿತು. ಅವನು ಮಗಳ ಮುಂದೆಯೇ ಅತ್ತುಬಿಟ್ಟ.

ಆಮೇಲೆ ಎದ್ದು ಗೂಡಿನ ಹತ್ತಿರ ಹೋದ. ಅಲ್ಲಿ ಹಲ್ಲುಬ್ಯಾನಿ ಗೌರಿ ಕೂತಿದ್ದಳು. ಈಗ ಅವಳ ಮುಖ ಮನೆಯವರ ಕಡೆಗೇ ಇತ್ತು.

"ನೀ ಖರೇನ ಹೇಳಿದ್ದಿ ತಾಯಿ" ಎಂದ. "ನಾನ ನಿನ್ನ ಮುಖ ತಿರುವಿ ಇಟ್ಟಿದ್ದೆ."

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಕಥೆ ಕೇಳಿ ನಿಟ್ಟುಸಿರು ಬಿಟ್ಟರೆ ಸಾಲದು. ದವಡೆಯಲ್ಲಿ, ಗಲ್ಲದಲ್ಲಿ, ಅಂಗುಳಿನಲ್ಲಿ ಗಟ್ಟಿ ಉಬ್ಬು ಕಂಡರೆ ಬರೆ ಹಾಕಿಸಬೇಡಿ, ಶಾಖ ಕೊಡಬೇಡಿ, ದಾರಿಯಲ್ಲಿ ಸಿಕ್ಕವರಿಂದ ಹಲ್ಲು ಕೀಳಿಸಬೇಡಿ. ನೋವಿಲ್ಲವಲ್ಲ ಎಂದು ಸುಮ್ಮನೆಯೂ ಇರಬೇಡಿ. ಇಂಥವು ಎಷ್ಟೋ ನಿರಪಾಯದವು, ಕೆಲವು ಅಲ್ಲ. ಯಾವುದು ಯಾವುದೆಂದು ಹೇಳುವುದು ಹಲ್ಲಿನ ಡಾಕ್ಟರ ಕೆಲಸ, ಓಣಿಯ ಕೆಲಸವಲ್ಲ. ಅವರು ಕಾಯಿರಿ ಎಂದರೆ ಅದೂ ಚಿಕಿತ್ಸೆಯೇ. ಹೇಳಿದ ದಿನಕ್ಕೆ ತಪ್ಪದೆ ಹೋಗಿ. ಈಶಪ್ಪನ ಮನೆಯಲ್ಲಿ ಫೋಟೋ ಇರಲಿಲ್ಲ, ನಿಮ್ಮ ಮನೆಯಲ್ಲಿ ಇದೆ. ಹಳೆಯ ಫೋಟೋಗಳನ್ನು ಜೊತೆಗೆ ಒಯ್ಯಿರಿ.

ಇವತ್ತೇ ನಿಮ್ಮ ಮಗುವನ್ನು ಬೆಳಕಿಗೆ ಕೂರಿಸಿ. ಎರಡೂ ದವಡೆಗೆ ಎರಡು ಹೆಬ್ಬೆರಳು ಇಟ್ಟು ನೋಡಿ.